ಗ್ಯಾರೇಜ್ ಕಟ್ಟೆ: ಯಾವ ಗ್ಯಾಸ್ ಅಂತ ಕೇಳುವ ಮೊದಲು ಬಂಕ್ ಎಲ್ಲಿದೆ ನೋಡಿ

ಈ ತಿಂಗಳ ಪತ್ರಗಳಲ್ಲಿ ಗ್ಯಾಸ್‌ನದೇ ಕಾರುಬಾರು. ಸಿಎನ್‌ಜಿ, ಎಲ್‌ಪಿಜಿ, ಗೋಬರ್ ಗ್ಯಾಸ್, ಕೊನೆಗೆ ಹೈಡ್ರೋಜನ್ ಕೂಡ ಬಂದಿದೆ. ಬ್ರೇಕು, ಕ್ಲಚ್ಚಿನ ಬಗ್ಗೆ ಕೇಳಿದವರು ಮುಂದಿನ ಸಂಚಿಕೆಯವರೆಗೆ ತಡೆಯಬೇಕು. ಪಾಲಿಟೆಕ್ನಿಕ್‌ನ ಆಟೊಮೊಬೈಲ್ ಲ್ಯಾಬಿನಿಂದ ನಿವೃತ್ತನಾದ ಮೇಲೆ ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ ಅಳಿಯನ ಗ್ಯಾರೇಜಿನ ಕಟ್ಟೆಯೇ ನನ್ನ ಆಫೀಸು. ಅಲ್ಲಿಯೂ ಈಗ ಇದೇ ಮಾತು.

ಪ್ರಶ್ನೆ: ನನ್ನದು 2017ರ ಪೆಟ್ರೋಲ್ ಕಾರು. ವಾರಕ್ಕೆ ಆರು ದಿನ ತುಮಕೂರಿನಿಂದ ಬೆಂಗಳೂರಿಗೆ ಹೋಗಿ ಬರುತ್ತೇನೆ, ದಿನಕ್ಕೆ 140 ಕಿ.ಮೀ. ಲೀಟರಿಗೆ 16 ಕಿ.ಮೀ. ಕೊಡುತ್ತದೆ. ಗ್ಯಾಸ್ ಕಿಟ್‌ಗೆ 60 ಸಾವಿರ ಕೇಳುತ್ತಿದ್ದಾರೆ. ಎಲ್‌ಪಿಜಿ ಅಗ್ಗ ಎಂದು ಸ್ನೇಹಿತರು, ಸಿಎನ್‌ಜಿ ಮೈಲೇಜ್ ಜಾಸ್ತಿ ಎಂದು ಭಾವ. ಯಾರ ಮಾತು ಕೇಳಲಿ?
— ತುಮಕೂರಿನ ಓದುಗರು

ಉತ್ತರ: ಇಬ್ಬರೂ ಹೇಳುತ್ತಿರುವುದು ನಿಜ. ಆದರೆ ಒಬ್ಬರು ಲೀಟರಿನಲ್ಲಿ ಮಾತಾಡುತ್ತಿದ್ದಾರೆ, ಇನ್ನೊಬ್ಬರು ಕೆ.ಜಿ.ಯಲ್ಲಿ. ಜಗಳ ಮುಗಿಯುವುದು ಹೇಗೆ?

ಎಲ್‌ಪಿಜಿ ಅಂದರೆ ಪ್ರೊಪೇನ್ ಮತ್ತು ಬ್ಯೂಟೇನ್. ಸ್ವಲ್ಪ ಒತ್ತಿದರೆ ಸಾಕು, ದ್ರವವಾಗುತ್ತದೆ. ಹಾಗಾಗಿ ಬಂಕಿನಲ್ಲಿ ಲೀಟರ್ ಲೆಕ್ಕ. ಆದರೆ ಒಂದು ಲೀಟರ್ ಎಲ್‌ಪಿಜಿ ಒಂದು ಲೀಟರ್ ಪೆಟ್ರೋಲಿಗಿಂತ ಹಗುರ, ಅದರಲ್ಲಿ ಶಕ್ತಿಯೂ ಕಡಿಮೆ. ಪೆಟ್ರೋಲಿನಲ್ಲಿ 16 ಕಿ.ಮೀ. ಓಡುವ ಕಾರು ಎಲ್‌ಪಿಜಿಯಲ್ಲಿ 13ರ ಆಸುಪಾಸು ಓಡುತ್ತದೆ. ಸಿಎನ್‌ಜಿ ಬಹುಪಾಲು ಮೀಥೇನ್. ಅದನ್ನು ಮಾಮೂಲಿ ಬಿಸಿಯಲ್ಲಿ ಎಷ್ಟು ಒತ್ತಿದರೂ ದ್ರವ ಆಗುವುದಿಲ್ಲ. 200 ಬಾರ್ ಒತ್ತಡದಲ್ಲಿ ತುಂಬುತ್ತಾರೆ. ನಿಮ್ಮ ಟೈರಿನ ಗಾಳಿ ಎರಡು ಬಾರ್ ಚಿಲ್ಲರೆ, ಅಷ್ಟೇ. ಇದನ್ನು ತೂಗಿ ಮಾರುತ್ತಾರೆ. ಒಂದು ಕೆ.ಜಿ. ಸಿಎನ್‌ಜಿ ಸುಮಾರು 1.4 ಲೀಟರ್ ಪೆಟ್ರೋಲಿನಷ್ಟು ದೂರ ಒಯ್ಯುತ್ತದೆ. ಇದು ನನ್ನ ತಲೆಯಿಂದ ಬಂದದ್ದಲ್ಲ. ಒಂದು ಲೀಟರ್ ಎಂಜಿನ್‌ನ ವ್ಯಾಗನ್-ಆರ್‌ಗೆ ಕಂಪನಿಯೇ ಹೇಳುವ ಮೈಲೇಜ್ ಸಿಎನ್‌ಜಿಯಲ್ಲಿ ಕೆ.ಜಿ.ಗೆ 34.05, ಪೆಟ್ರೋಲಿನಲ್ಲಿ ಲೀಟರಿಗೆ 24.35 ಕಿ.ಮೀ. ಭಾಗಿಸಿ ನೋಡಿ. ರಸ್ತೆಯಲ್ಲಿ ಎರಡೂ ಕಡಿಮೆಯೇ ಬರುತ್ತವೆ, ಆದರೆ ಅವುಗಳ ಅನುಪಾತ ಹೆಚ್ಚುಕಡಿಮೆ ಹಾಗೇ ಉಳಿಯುತ್ತದೆ.

ಆದ್ದರಿಂದ ಬೋರ್ಡಿನ ಮೇಲಿನ ದರ ನೋಡಿ ಖುಷಿಪಡಬೇಡಿ. ಸಿಎನ್‌ಜಿ ದರವನ್ನು 1.4ರಿಂದ ಭಾಗಿಸಿ. ಎಲ್‌ಪಿಜಿ ದರವನ್ನು 0.8ರಿಂದ ಭಾಗಿಸಿ. ಬಂದದ್ದನ್ನು ಪೆಟ್ರೋಲ್ ದರದ ಪಕ್ಕ ಇಡಿ. ದರ ತಿಂಗಳಿಗೊಮ್ಮೆ ಏರಿಳಿದರೂ ಈ ಲೆಕ್ಕ ಕೆಡುವುದಿಲ್ಲ.

ನಿಮ್ಮದನ್ನೇ ಹಾಕಿ ನೋಡೋಣ. ಸುಮ್ನೆ ಲೆಕ್ಕಕ್ಕೆ ಪೆಟ್ರೋಲ್ 100 ರೂಪಾಯಿ, ಸಿಎನ್‌ಜಿ 85, ಎಲ್‌ಪಿಜಿ 65 ಎಂದಿಟ್ಟುಕೊಳ್ಳಿ. 140 ಕಿ.ಮೀ.ಗೆ ಪೆಟ್ರೋಲಿನಲ್ಲಿ 875 ರೂಪಾಯಿ. ಎಲ್‌ಪಿಜಿಯಲ್ಲಿ 710ರ ಹತ್ತಿರ. ಸಿಎನ್‌ಜಿಯಲ್ಲಿ 530. ಸಿಎನ್‌ಜಿಯಿಂದ ದಿನಕ್ಕೆ ಸುಮಾರು 345 ರೂಪಾಯಿ ಉಳಿತಾಯ. ತಿಂಗಳಿಗೆ 25 ದಿನ ಹಿಡಿದರೂ ಏಳು ತಿಂಗಳಲ್ಲಿ ಕಿಟ್‌ನ ದುಡ್ಡು ವಾಪಸ್. ಇಷ್ಟು ಓಡಿಸುವವರಿಗೆ ಸಿಎನ್‌ಜಿ ಬಿಟ್ಟು ಬೇರೆ ಹೇಳಲು ನನಗೆ ಮನಸ್ಸಿಲ್ಲ.

ಈಗ ಇದರ ಇನ್ನೊಂದು ಮುಖ. 60 ಲೀಟರ್ ಸಿಲಿಂಡರ್ ಎಂದರೆ ನೀರು ತುಂಬಿದರೆ 60 ಲೀಟರ್. ಗ್ಯಾಸ್ ಹಿಡಿಯುವುದು ಎಂಟು ಒಂಬತ್ತು ಕೆ.ಜಿ. ಮಾತ್ರ. ನಿಮ್ಮ ಕಾರಿಗೆ ಕೆ.ಜಿ.ಗೆ 22 ಕಿ.ಮೀ. ಎಂದರೆ ಒಂದು ಭರ್ತಿಗೆ 190 ಕಿ.ಮೀ. ಅಂದರೆ ನೀವು ಹೆಚ್ಚುಕಡಿಮೆ ದಿನಾ ಬಂಕಿಗೆ ಹೋಗಬೇಕು. ಬಂಕಿನಲ್ಲಿ ಆಟೊಗಳು, ಟ್ಯಾಕ್ಸಿಗಳು ನಿಮಗಿಂತ ಮುಂದೆ ನಿಂತಿರುತ್ತವೆ. ಅರ್ಧ ಗಂಟೆ ಕಾದರೆ ಉಳಿಸಿದ 345 ರೂಪಾಯಿಯಲ್ಲಿ ನಿಮ್ಮ ಸಮಯದ ಬೆಲೆ ಎಷ್ಟು ಅಂತ ನೀವೇ ಹೇಳಬೇಕು. ಕಿಟ್ ಹಾಕಿಸುವ ಮೊದಲು ಒಂದು ವಾರ ನೀವು ಹೋಗುವ ಹೊತ್ತಿಗೇ ದಾರಿಯ ಬಂಕಿನಲ್ಲಿ ಕ್ಯೂ ಎಷ್ಟಿದೆ ಎಂದು ನೋಡಿ. ಇದು ಯಾವ ಬ್ರೋಶರಿನಲ್ಲೂ ಇರುವುದಿಲ್ಲ.

ಇನ್ನೊಂದು ವಿಚಾರಿಸಿ. ಆ ಬಂಕಿಗೆ ಗ್ಯಾಸ್ ಪೈಪಿನಲ್ಲಿ ಬರುತ್ತದೋ, ಲಾರಿಯ ಸಿಲಿಂಡರುಗಳಲ್ಲಿ ಬರುತ್ತದೋ? ಪೈಪಿನದಾದರೆ ಆನ್‌ಲೈನ್ ಸ್ಟೇಷನ್ ಎನ್ನುತ್ತಾರೆ, ಲಾರಿಯದಾದರೆ ಡಾಟರ್ ಸ್ಟೇಷನ್. ಲಾರಿಯ ಸಿಲಿಂಡರುಗಳು ಖಾಲಿಯಾಗುತ್ತಾ ಬಂದಂತೆ ಒತ್ತಡ ಇಳಿಯುತ್ತದೆ. ಆಗ ನಿಮ್ಮ ಸಿಲಿಂಡರ್ 200 ಬಾರ್‌ವರೆಗೆ ತುಂಬುವುದೇ ಇಲ್ಲ, ಆರು ಕೆ.ಜಿ. ಹಾಕಿ ಕಳಿಸುತ್ತಾರೆ. ನಿಮ್ಮ ಅದೃಷ್ಟಕ್ಕೆ ದಾಭೋಳದಿಂದ ಬೆಂಗಳೂರಿಗೆ ಬರುವ ಗ್ಯಾಸ್ ಪೈಪ್‌ಲೈನ್ ಬೆಳಗಾವಿ, ಧಾರವಾಡ, ದಾವಣಗೆರೆ, ಚಿತ್ರದುರ್ಗ ದಾಟಿ ತುಮಕೂರಿನ ಕಡೆಯಿಂದಲೇ ಹೋಗುತ್ತದೆ. ಅದು 2013ರಲ್ಲಿ ಶುರುವಾಯಿತು. ನಮ್ಮ ರಾಜ್ಯದಲ್ಲಿ ಸಿಎನ್‌ಜಿ ಮಾತು ಆಮೇಲೆಯೇ ಜೋರಾಗಿದ್ದು. ದೆಹಲಿಯವರು 1998ರ ಸುಪ್ರೀಂ ಕೋರ್ಟ್ ಆದೇಶದ ನಂತರ ಬಸ್ಸುಗಳನ್ನೇ ಸಿಎನ್‌ಜಿಗೆ ಬದಲಾಯಿಸುವಾಗ, ನಮ್ಮ ಬೆಂಗಳೂರಿನ ಆಟೊಗಳು ಎಲ್‌ಪಿಜಿ ಹಿಡಿದಿದ್ದಕ್ಕೆ ಕಾರಣವೂ ಅದೇ. ಆಗ ಇಲ್ಲಿ ಪೈಪೇ ಇರಲಿಲ್ಲ.

ಕಿಟ್ ಹಾಕಿಸುವುದಾದರೆ ಸೀಕ್ವೆನ್ಷಿಯಲ್ ಕಿಟ್ ಹಾಕಿಸಿ. ಹಳೆಯ ಮಿಕ್ಸರ್ ಕಿಟ್ ಕಾರ್ಬುರೇಟರ್ ಕಾಲದ್ದು. ಗ್ಯಾಸನ್ನು ಗಾಳಿಯ ಕೊಳವೆಗೇ ಬಿಡುತ್ತದೆ. ಸ್ಪಾರ್ಕ್ ಸ್ವಲ್ಪ ತಪ್ಪಿದರೂ ಬ್ಯಾಕ್‌ಫೈರ್ ಆಗಿ ಏರ್ ಫಿಲ್ಟರ್ ಡಬ್ಬಿ ಢಮ್ ಎನ್ನುತ್ತದೆ. ಸೀಕ್ವೆನ್ಷಿಯಲ್‌ನಲ್ಲಿ ಎಂಜಿನ್ನಿನ ಒಂದೊಂದು ಸಿಲಿಂಡರಿಗೂ ಗ್ಯಾಸ್ ಬಿಡುವ ಬೇರೆ ಬೇರೆ ಇಂಜೆಕ್ಟರ್. ಕಿಟ್ ನಿಮ್ಮ ಮಾಡೆಲ್‌ಗೆ ಮಂಜೂರಾಗಿದೆಯೇ ಎಂಬ ಸರ್ಟಿಫಿಕೇಟ್ ಕೇಳಿ. ಆರ್‌ಟಿಒದಲ್ಲಿ ಆರ್‌ಸಿಗೆ ಇಂಧನ ಸೇರಿಸಿಕೊಳ್ಳಿ, ಇನ್ಶೂರೆನ್ಸ್‌ನವರಿಗೂ ಬರೆದು ತಿಳಿಸಿ. ಇದನ್ನು ಬಿಟ್ಟರೆ ನಾಳೆ ಕ್ಲೇಮ್ ಹೊತ್ತಿಗೆ ತಲೆನೋವು.

ಪ್ರಶ್ನೆ: ಹೊಸ ಕಾರು ತೆಗೆದುಕೊಳ್ಳಬೇಕು. ಶೋರೂಮಿನವರು ಸಿಎನ್‌ಜಿ ಮಾಡೆಲ್‌ಗೇ ಜೋರು ಮಾಡುತ್ತಿದ್ದಾರೆ. ನಾವು ಶಿರಸಿ ಹತ್ತಿರದ ಹಳ್ಳಿಯವರು. ತಿಂಗಳಿಗೆ 500 ಕಿ.ಮೀ. ಓಡಿಸಿದರೆ ಹೆಚ್ಚು. ಆಗಾಗ ದೇವಿಮನೆ ಘಟ್ಟ ಇಳಿದು ಕುಮಟಾಕ್ಕೆ ಹೋಗಬೇಕು. ಘಟ್ಟ ಹತ್ತುತ್ತದಾ?
— ಶಿರಸಿಯ ಓದುಗರು

ಉತ್ತರ: ಹತ್ತುತ್ತದೆ, ಆದರೆ ಗೊಣಗುತ್ತಾ ಹತ್ತುತ್ತದೆ. ಗ್ಯಾಸ್ ಎಂಜಿನ್‌ನೊಳಗೆ ಗಾಳಿಯ ಜಾಗವನ್ನೇ ಸ್ವಲ್ಪ ಕಬಳಿಸುತ್ತದೆ. ಹಾಗಾಗಿ ಶಕ್ತಿ ಕಡಿಮೆ. ಆ ವ್ಯಾಗನ್-ಆರ್ ಪೆಟ್ರೋಲಿನಲ್ಲಿ 67 ಪಿಎಸ್ (ಅಶ್ವಶಕ್ತಿಯಂಥದ್ದೇ ಅಳತೆ) ಕೊಟ್ಟರೆ ಸಿಎನ್‌ಜಿಯಲ್ಲಿ 57. ಮೇಲೆ ಐವತ್ತು ಕೆ.ಜಿ.ಗೂ ಹೆಚ್ಚಿನ ಉಕ್ಕಿನ ಸಿಲಿಂಡರ್ ಹಿಂದೆ ಕೂತಿರುತ್ತದೆ. ನಾಲ್ಕು ಜನ ಕೂತು ಎಸಿ ಹಾಕಿದರೆ ಎರಡನೇ ಗೇರಿನಲ್ಲೇ ತಿರುವು ಮುಗಿಸಬೇಕು. ಗೊತ್ತಿದ್ದವರು ಘಟ್ಟದ ಬುಡದಲ್ಲಿ ಸ್ವಿಚ್ ಒತ್ತಿ ಪೆಟ್ರೋಲಿಗೆ ಬದಲಾಯಿಸುತ್ತಾರೆ. ನೀವು ಹಾಗೆ ಮಾಡಿದರೆ ಗ್ಯಾಸಿನಿಂದ ದುಡ್ಡು ಉಳಿಯುವುದು ಎಲ್ಲಿ?

ದುಡ್ಡಿನ ಲೆಕ್ಕವೂ ನಿಮ್ಮ ಪರ ಇಲ್ಲ. ಕಂಪನಿ ಫಿಟ್ಟಿಂಗ್ ಸಿಎನ್‌ಜಿಗೆ ಪೆಟ್ರೋಲ್ ಮಾಡೆಲ್‌ಗಿಂತ ಲಕ್ಷದ ಆಸುಪಾಸು ಜಾಸ್ತಿ ಕೊಡಬೇಕು. 500 ಕಿ.ಮೀ.ಗೆ ನೀವು ಉಳಿಸುವುದು ತಿಂಗಳಿಗೆ ಸಾವಿರ ರೂಪಾಯಿ. ಎಂಟು ವರ್ಷ ಬೇಕು. ಅಷ್ಟರಲ್ಲಿ ಹುಡುಗರು ಆ ಕಾರು ಹಳೆಯದಾಯಿತು ಎಂದು ಮಾರಿರುತ್ತಾರೆ. ಗ್ಯಾಸ್ ತುಂಬಿಸಲೆಂದೇ ಹಳ್ಳಿಯಿಂದ ಪೇಟೆಗೆ ಹೋಗುವ ಓಡಾಟವನ್ನು ಇನ್ನೂ ಸೇರಿಸಿಲ್ಲ.

ಅಡಿಕೆ ಚೀಲ ಇಡಲು ಡಿಕ್ಕಿ ಬೇಕು ಎಂದೂ ಬರೆದಿದ್ದೀರಿ. ಒಂದು ದೊಡ್ಡ ಸಿಲಿಂಡರಿನ ಬದಲು ಎರಡು ಚಿಕ್ಕವನ್ನು ನೆಲದಡಿಗೆ ಇಟ್ಟು ಡಿಕ್ಕಿ ಉಳಿಸುವ ಉಪಾಯವನ್ನು ಟಾಟಾ 2023ರಲ್ಲಿ ಆಲ್ಟ್ರೋಜ್‌ನಲ್ಲಿ ತಂದಿತು. ಚೆನ್ನಾಗಿದೆ. ಆದರೂ ನಿಮಗೆ ಪೆಟ್ರೋಲೇ ಸರಿ. ಶೋರೂಮಿನವರಿಗೆ ನಾನು ಹೇಳಿದೆ ಎಂದು ಹೇಳಬೇಡಿ.

ಪ್ರಶ್ನೆ: ಮನೆಯಲ್ಲಿ ಹಳೆಯ ಓಮ್ನಿ ಇದೆ. ಅಡುಗೆ ಸಿಲಿಂಡರನ್ನೇ ಹಿಂದೆ ಇಟ್ಟು ಓಡಿಸುವವರು ನಮ್ಮ ಊರಿನಲ್ಲಿ ಈಗಲೂ ಇದ್ದಾರೆ. ಅಷ್ಟು ಅಪಾಯ ಇದೆಯೇ? ಎರಡೂ ಎಲ್‌ಪಿಜಿಯೇ ಅಲ್ವಾ?
— ಹಾವೇರಿಯ ಓದುಗರು

ಉತ್ತರ: ಅಪಾಯ ಇದೆ. ಎರಡೂ ಎಲ್‌ಪಿಜಿಯೇ ಆದರೂ ಹಾಗೆ ಓಡಿಸಲೇಬೇಡಿ.

ಕಾರಿನ ಎಲ್‌ಪಿಜಿ ಟ್ಯಾಂಕಿಗೂ ಅಡುಗೆ ಸಿಲಿಂಡರಿಗೂ ಇರುವ ವ್ಯತ್ಯಾಸ ಅದರ ವಾಲ್ವ್‌ನಲ್ಲಿದೆ. ಕಾರಿನ ಟ್ಯಾಂಕ್ 80 ಪರ್ಸೆಂಟ್ ತುಂಬಿದ ಕೂಡಲೇ ತಾನೇ ಮುಚ್ಚಿಕೊಳ್ಳುತ್ತದೆ. ಬಿಸಿಲಿಗೆ ದ್ರವ ಹಿಗ್ಗಿದರೆ ಜಾಗ ಬೇಕಲ್ಲ. ಪೈಪ್ ತುಂಡಾದರೆ ರಭಸದ ಹರಿವನ್ನು ತಡೆಯುವ ವಾಲ್ವ್ ಇದೆ. ಟ್ಯಾಂಕನ್ನು ಬೋಲ್ಟ್ ಹಾಕಿ ಚಾಸಿಗೆ ಕಟ್ಟಿರುತ್ತಾರೆ. ಅಡುಗೆಯದನ್ನು ನಿಂತ ಒಲೆಗೆ ಎಂದು ಮಾಡಿದ್ದು. ಸೀಟಿನ ಹಿಂದೆ ಅಡ್ಡ ಮಲಗಿಸಿದರೆ ಗ್ಯಾಸ್ ಬದಲು ದ್ರವವೇ ರಬ್ಬರ್ ಪೈಪಿಗೆ ಬರುತ್ತದೆ. ಆಮೇಲೆ ಹಂಪು, ಗುಂಡಿ, ಬೀಡಿ.

ಎಲ್‌ಪಿಜಿ ಗಾಳಿಗಿಂತ ಭಾರ. ಸೋರಿದರೆ ಎದ್ದು ಹೋಗುವುದಿಲ್ಲ, ವ್ಯಾನಿನ ನೆಲದಲ್ಲೇ ಕೂತಿರುತ್ತದೆ. ಅಳಿಯನ ಗ್ಯಾರೇಜಿನಲ್ಲಿ ಎಲ್‌ಪಿಜಿ ಗಾಡಿಯನ್ನು ನೆಲಗುಂಡಿಯ ಮೇಲೆ ತರುವುದಿಲ್ಲ, ಲಿಫ್ಟಿಗೇ ಹಾಕುತ್ತಾರೆ. ಗುಂಡಿಯಲ್ಲಿ ಗ್ಯಾಸ್ ತುಂಬಿಕೊಂಡು ಕೆಳಗೆ ಬಲ್ಬ್ ಹಿಡಿದು ನಿಂತ ಹುಡುಗನ ಗತಿ ಏನು?

ಕಾನೂನೂ ಸ್ಪಷ್ಟ. ಕಾರಿಗೆ ಎಲ್‌ಪಿಜಿ ಹಾಕಲು 2000ದಲ್ಲಿ ಮೋಟಾರು ವಾಹನ ಕಾಯ್ದೆ ತಿದ್ದಿ ದಾರಿ ಮಾಡಿಕೊಟ್ಟರು, ಮರುವರ್ಷ ಅದಕ್ಕೇ ಆದೇಶ ಬಂತು. ಅಧಿಕೃತ ಟ್ಯಾಂಕ್, ಅಧಿಕೃತ ಬಂಕ್, ಆಟೊ ಎಲ್‌ಪಿಜಿ. 14.2 ಕೆ.ಜಿ.ಯ ಅಡುಗೆ ಸಿಲಿಂಡರ್ ಅದರಲ್ಲಿ ಎಲ್ಲೂ ಇಲ್ಲ. ಹಿತ್ತಲಲ್ಲಿ ಮೋಟಾರ್ ಇಟ್ಟು ಅಡುಗೆ ಸಿಲಿಂಡರಿನಿಂದ ಕಾರಿನ ಟ್ಯಾಂಕಿಗೆ ತುಂಬಿಸುವುದು ಇನ್ನೂ ಕೆಟ್ಟದ್ದು. ಶಾಲೆ ಮಕ್ಕಳನ್ನು ಒಯ್ಯುವ ವ್ಯಾನಿನಲ್ಲಿ ಇದು ಕಂಡರೆ ದಯವಿಟ್ಟು ಸುಮ್ಮನಿರಬೇಡಿ.

ಪ್ರಶ್ನೆ: ನಮ್ಮ ಊರಿನ ಬಿಸಿಲು ನಿಮಗೆ ಗೊತ್ತು. ಸಿಎನ್‌ಜಿ ಕಾರನ್ನು ಮೇ ತಿಂಗಳಲ್ಲಿ ಹೊರಗೆ ನಿಲ್ಲಿಸಿದರೆ ಸಿಲಿಂಡರ್ ಸಿಡಿಯುವುದಿಲ್ಲವೇ?
— ಕಲಬುರಗಿಯ ಓದುಗರು

ಉತ್ತರ: ಬಿಸಿಲಿಗೆ ಸಿಡಿಯುವುದಿಲ್ಲ. 200 ಬಾರ್‌ನ ಸಿಲಿಂಡರನ್ನು ಅದರ ಒಂದೂವರೆ ಪಟ್ಟಿಗಿಂತ ಹೆಚ್ಚಿನ ನೀರಿನ ಒತ್ತಡದಲ್ಲಿ ಪರೀಕ್ಷಿಸಿಯೇ ಕೊಡುತ್ತಾರೆ. ಬೆಂಕಿಯೇ ತಗುಲಿದರೆ ಸಿಲಿಂಡರ್ ಒಡೆಯುವ ಮೊದಲು ವಾಲ್ವಿನ ಒಂದು ಪ್ಲಗ್ ಕರಗಿ ಗ್ಯಾಸನ್ನು ಹೊರಗೆ ಬಿಡುತ್ತದೆ. ಮೀಥೇನ್ ಗಾಳಿಗಿಂತ ಹಗುರ, ಬಯಲಲ್ಲಿ ಮೇಲೇರಿ ಚದುರುತ್ತದೆ. ಅದು ತಾನಾಗಿ ಹೊತ್ತಿಕೊಳ್ಳಲು ಪೆಟ್ರೋಲಿಗೆ ಬೇಕಾದ್ದಕ್ಕಿಂತ ಹೆಚ್ಚು ಬಿಸಿ ಬೇಕು.

ನಾನು ಹೆದರುವುದು ಬಿಸಿಲಿಗಲ್ಲ, ತುಕ್ಕಿಗೆ ಮತ್ತು ಕಳ್ಳ ಸಿಲಿಂಡರಿಗೆ. ಕಾರಿನ ಸಿಎನ್‌ಜಿ ಸಿಲಿಂಡರಿಗೆ ಮೂರು ವರ್ಷಕ್ಕೊಮ್ಮೆ ಹೈಡ್ರೋ ಟೆಸ್ಟ್ ಕಡ್ಡಾಯ. ಸ್ಫೋಟಕ, ಗ್ಯಾಸ್ ಸಿಲಿಂಡರುಗಳ ಸುರಕ್ಷತೆ ನೋಡಿಕೊಳ್ಳುವ, ನಾಗ್ಪುರದಲ್ಲಿ ಕೇಂದ್ರ ಕಚೇರಿ ಇರುವ ಸರ್ಕಾರಿ ಸಂಸ್ಥೆ ಪೆಸೊದ ಅನುಮತಿ ಪಡೆದ ಕೇಂದ್ರದಲ್ಲೇ ಮಾಡಿಸಬೇಕು. ಸಿಲಿಂಡರ್ ಬಿಚ್ಚಿ, ನೀರು ತುಂಬಿ, ಒತ್ತಡ ಕೊಟ್ಟು, ಎಷ್ಟು ಹಿಗ್ಗಿತು ಎಂದು ಅಳೆಯುತ್ತಾರೆ. ಬಿಚ್ಚದೆ, ನೋಡದೆ ಟೆಸ್ಟ್ ಆಯಿತೆಂಬ ಪ್ಲೇಟನ್ನು ಮಾತ್ರ ಬಡಿದುಕೊಡುತ್ತೇನೆ ಎಂದು ಒಬ್ಬ ಗಿರಾಕಿಗೆ ಯಾರೋ ಹೇಳಿದ್ದರಂತೆ. ಅಂಥವರ ಕಡೆ ತಲೆ ಕೂಡ ಹಾಕಬೇಡಿ.

ಬಿಸಿಲಿಗೂ ಗ್ಯಾಸಿಗೂ ಬೇರೊಂದು ಸಂಬಂಧ ಇದೆ. ತುಂಬುವಾಗ ಸಿಲಿಂಡರ್ ಬಿಸಿಯಾಗುತ್ತದೆ. ಬಿಸಿ ಗ್ಯಾಸ್ ಬೇಗ 200 ಬಾರ್ ಮುಟ್ಟುತ್ತದೆ, ತೂಕ ಮಾತ್ರ ಕಡಿಮೆ. ಬೆಳಗ್ಗೆ ತಣ್ಣಗಿರುವಾಗ ತುಂಬಿಸಿದರೆ ಒಂದಿಷ್ಟು ಹೆಚ್ಚು ಹಿಡಿಯುತ್ತದೆ. ತುಂಬಿಸುವಾಗ ಎಲ್ಲರೂ ಕೆಳಗಿಳಿಯಿರಿ, ಮಲಗಿದ ಮಗುವನ್ನೂ ಎತ್ತಿಕೊಳ್ಳಿ. ಮುಚ್ಚಿದ ಶೆಡ್ಡಿನಲ್ಲಿ ನಿಲ್ಲಿಸುವುದಾದರೆ ಗೋಡೆಯ ಮೇಲ್ಭಾಗದಲ್ಲಿ ಗಾಳಿಕಿಂಡಿ ಇರಲಿ.

ಪ್ರಶ್ನೆ: ನಮ್ಮಲ್ಲಿ 2 ಘನ ಮೀಟರಿನ ದೀನಬಂಧು ಮಾದರಿಯ ಗೋಬರ್ ಗ್ಯಾಸ್ ಗುಂಡಿ ಇದೆ. ಅದನ್ನೇ ಕಾರಿಗೆ ತುಂಬಿಸಿದರೆ ಪೂರ್ತಿ ಪುಕ್ಕಟೆ ಅಲ್ವಾ?
— ಮಂಡ್ಯದ ರೈತ ಓದುಗರು

ಉತ್ತರ: ಒಳ್ಳೆಯ ಆಸೆ. ಸಿಎನ್‌ಜಿಯಲ್ಲಿ ಇರುವುದೂ ಮೀಥೇನ್, ನಿಮ್ಮ ಗುಂಡಿಯಲ್ಲಿ ಇರುವುದೂ ಮೀಥೇನ್. ಆದರೆ ಗೋಬರ್ ಗ್ಯಾಸಿನಲ್ಲಿ ಅದು 55ರಿಂದ 65 ಪರ್ಸೆಂಟ್. ಉಳಿದದ್ದು ಹೆಚ್ಚಾಗಿ ಇಂಗಾಲದ ಡೈಆಕ್ಸೈಡ್, ಜೊತೆಗೆ ಒಂದಿಷ್ಟು ನೀರಿನ ಆವಿ, ಕೊಳೆತ ಮೊಟ್ಟೆ ವಾಸನೆಯ ಹೈಡ್ರೋಜನ್ ಸಲ್ಫೈಡ್. ಈ ಕೊನೆಯದು ಎಂಜಿನ್ನಿನ ಬೇರಿಂಗ್, ಸಿಲಿಂಡರಿನ ಉಕ್ಕು ಎರಡನ್ನೂ ತಿನ್ನುತ್ತದೆ. ಮೊದಲು ಶುದ್ಧ ಮಾಡಬೇಕು, ಆಮೇಲೆ 200 ಬಾರ್‌ಗೆ ಒತ್ತಬೇಕು. ಅಂಥ ಕಂಪ್ರೆಸರ್ ಪಂಕ್ಚರ್ ಅಂಗಡಿಯಲ್ಲಿ ಸಿಗುವಂಥದ್ದಲ್ಲ.

ಎಲ್ಲ ಇದೆ ಎಂದುಕೊಳ್ಳೋಣ. 2 ಘನ ಮೀಟರಿಗೆ ದಿನಕ್ಕೆ 50 ಕೆ.ಜಿ. ಸಗಣಿ, ಅಂದರೆ ನಾಲ್ಕೈದು ದನ. ಅದರಲ್ಲಿ ಮೀಥೇನ್ ತೂಗಿದರೆ ಮುಕ್ಕಾಲು ಕೆ.ಜಿ.ಗಿಂತ ತುಸು ಹೆಚ್ಚು. ಕಾರು 18 ಕಿ.ಮೀ. ಓಡಬಹುದು. ಮಂಡ್ಯದಿಂದ ಮದ್ದೂರು ಮುಟ್ಟಬಹುದೇನೋ, ವಾಪಸ್ ಬರಲು ಮರುದಿನದ ಸಗಣಿ ಬೇಕು. ಅಡುಗೆ ಮನೆಯಲ್ಲಿ ಅಷ್ಟು ಹೊತ್ತೂ ಒಲೆ ಆರಿರುತ್ತದೆ. ಗೋಬರ್ ಗ್ಯಾಸ್ ಒಲೆಯಲ್ಲೇ ಇರಲಿ.

ದೊಡ್ಡ ಮಟ್ಟದಲ್ಲಿ ಇದು ನಡೆಯುತ್ತದೆ. ಕಾಂಪ್ರೆಸ್ಡ್ ಬಯೋ ಗ್ಯಾಸ್‌ಗೆ ಕೇಂದ್ರ ಸರ್ಕಾರದ ಸತತ್ ಯೋಜನೆ ಅಕ್ಟೋಬರ್ 2018ರಲ್ಲಿ ಬಂತು. ಇಂದೋರಿನಲ್ಲಿ ಊರಿನ ಹಸಿ ಕಸ ದಿನಕ್ಕೆ 550 ಟನ್ ಅರಗಿಸುವ ಘಟಕ 2022ರಲ್ಲಿ ಶುರುವಾಯಿತು. ಅದರ ಗ್ಯಾಸಿನಲ್ಲಿ ಅಲ್ಲಿಯ ಬಸ್ಸುಗಳು ಓಡುತ್ತವೆ. ನಿಮ್ಮ ಜಿಲ್ಲೆಯಲ್ಲಿ ಸಕ್ಕರೆ ಕಾರ್ಖಾನೆಗಳಿವೆ. ಕಬ್ಬಿನ ರಸ ಸೋಸಿದ ಮೇಲೆ ಉಳಿಯುವ ಮಡ್ಡಿಯೂ ಇದಕ್ಕೆ ಒಳ್ಳೆಯ ಮೇವು. ಹಾಗೆ ತಯಾರಾದ ಗ್ಯಾಸ್ ಸಿಎನ್‌ಜಿ ಕಾರಿಗೆ ಏನೂ ಬದಲಾಯಿಸದೆ ಆಗುತ್ತದೆ.

ಊರಿನಲ್ಲೇ ಇಂಧನ ಹುಟ್ಟಿಸಿ ಗಾಡಿ ಓಡಿಸುವುದು ನಮಗೆ ಹೊಸದಲ್ಲ ಬಿಡಿ. ಎರಡನೇ ಮಹಾಯುದ್ಧದಲ್ಲಿ ಪೆಟ್ರೋಲಿಗೆ ರೇಷನ್ ಆದಾಗ ನಮ್ಮ ಕಡೆ ಬಸ್ಸುಗಳು ಇದ್ದಿಲ ಗ್ಯಾಸಿನಲ್ಲಿ ಓಡಿದವು. ಯುರೋಪಿನಲ್ಲೂ ಲಕ್ಷಗಟ್ಟಲೆ ಗಾಡಿಗಳು ಹೀಗೇ ಓಡಿದ್ದವು. ನಮ್ಮ ದೊಡ್ಡಪ್ಪ ಅಂಥ ಬಸ್ಸಿನಲ್ಲಿ ಕ್ಲೀನರ್. ಬಸ್ಸಿನ ಬೆನ್ನಿಗೆ ಆಳೆತ್ತರದ ಡ್ರಮ್ಮು. ಬೆಳಗಿನ ಜಾವ ಎದ್ದು ಇದ್ದಿಲು ಸುರಿದು, ಬೆಂಕಿ ಹಾಕಿ, ಕೈಯಿಂದ ಫ್ಯಾನ್ ತಿರುಗಿಸಬೇಕಿತ್ತು. ಗಾಳಿ ಸಾಲದೆ ಅರೆಬರೆ ಸುಟ್ಟ ಇದ್ದಿಲಿನಿಂದ ಕಾರ್ಬನ್ ಮೊನಾಕ್ಸೈಡ್ ಬರುತ್ತದೆ, ಅದೇ ಇಂಧನ. ಆದರೆ ಆ ಗ್ಯಾಸಿನಲ್ಲಿ ಅರ್ಧದಷ್ಟು ಉರಿಯದ ಸಾರಜನಕ. ಎಂಜಿನ್ ಶಕ್ತಿ ಅರ್ಧಕ್ಕೆ ಇಳಿಯುತ್ತಿತ್ತು. ಏರಿನಲ್ಲಿ ಜನ ಇಳಿದು ನಡೆಯಬೇಕಿತ್ತು, ಟಿಕೆಟ್ ದುಡ್ಡು ಮಾತ್ರ ಪೂರ್ತಿ. ಕಾರ್ಬನ್ ಮೊನಾಕ್ಸೈಡ್ ವಾಸನೆ ಇಲ್ಲದ ವಿಷ. ಮುಚ್ಚಿದ ಶೆಡ್ಡಿನಲ್ಲಿ ಡ್ರಮ್ ಹೊತ್ತಿಸಬಾರದು ಎಂದು ದೊಡ್ಡಪ್ಪ ಮುದಿತನದಲ್ಲೂ ನಮಗೆ ಹೇಳುತ್ತಿದ್ದರು. ನಮ್ಮ ಮನೆಯಲ್ಲಿ ಡ್ರಮ್ಮೂ ಇರಲಿಲ್ಲ, ಬಸ್ಸೂ ಇರಲಿಲ್ಲ.

ಪ್ರಶ್ನೆ: ನೀರಿನಿಂದ ಹೈಡ್ರೋಜನ್ ತೆಗೆದು ಎಂಜಿನ್ನಿಗೆ ಕೊಡುವ ಕಿಟ್ ಮಾರುತ್ತಿದ್ದಾರೆ. ಮೈಲೇಜ್ ಒಂದೂವರೆ ಪಟ್ಟು ಎನ್ನುತ್ತಾರೆ. ಹೈಡ್ರೋಜನ್ ಕಾರು ನಿಜವಾಗಿ ಬಂದಿದೆಯಲ್ಲ?
— ಮೈಸೂರಿನ ವಿದ್ಯಾರ್ಥಿ

ಉತ್ತರ: ಕಾರು ನಿಜ, ಕಿಟ್ ಸುಳ್ಳು. ನೀರನ್ನು ಒಡೆಯಲು ಕರೆಂಟ್ ಬೇಕು. ಆ ಕರೆಂಟ್ ಆಲ್ಟರ್ನೇಟರಿನಿಂದ, ಆಲ್ಟರ್ನೇಟರ್ ತಿರುಗುವುದು ಎಂಜಿನ್ನಿನಿಂದ, ಎಂಜಿನ್ ಓಡುವುದು ನಿಮ್ಮ ಪೆಟ್ರೋಲಿನಿಂದ. ದಾರಿಯುದ್ದಕ್ಕೂ ಶಕ್ತಿಯ ಸೋರಿಕೆಯೇ. ನಿಮ್ಮ ಫಿಸಿಕ್ಸ್ ಮೇಷ್ಟ್ರನ್ನು ಕೇಳಿ, ಅವರು ನನಗಿಂತ ಜೋರಾಗಿ ಬೈಯುತ್ತಾರೆ.

ನಿಜವಾದ ಹೈಡ್ರೋಜನ್ ಕಾರೆಂದರೆ ಟೊಯೋಟಾ ಮಿರಾಯ್, 2014ರಲ್ಲಿ ಜಪಾನಿನಲ್ಲಿ ಬಂತು. ಗಡ್ಕರಿಯವರು 2022ರ ಮಾರ್ಚಿನಲ್ಲಿ ಸಂಸತ್ತಿಗೆ ಅದರಲ್ಲೇ ಹೋಗಿದ್ದರು. ಅದರೊಳಗೆ ಹೈಡ್ರೋಜನ್ ಉರಿಯುವುದಿಲ್ಲ. ಫ್ಯೂಯಲ್ ಸೆಲ್‌ನಲ್ಲಿ ಕರೆಂಟ್ ಹುಟ್ಟಿ ಮೋಟಾರ್ ತಿರುಗುತ್ತದೆ. ಟ್ಯಾಂಕಿನ ಒತ್ತಡ 700 ಬಾರ್, ಸಿಎನ್‌ಜಿಯ ಮೂರೂವರೆ ಪಟ್ಟು. ನಮ್ಮ ಊರುಗಳಲ್ಲಿ ಅದಕ್ಕೆ ಬಂಕ್ ಆಗುವವರೆಗೆ ಪರೀಕ್ಷೆಗೆ ಓದಿ.

ಪ್ರಶ್ನೆ: ನಮ್ಮ ಹಳೆಯ ವ್ಯಾಗನ್-ಆರ್ ಡ್ಯುಯೋ ಎಲ್‌ಪಿಜಿಯದು. ಹತ್ತಿರದ ಬಂಕ್ ಮುಚ್ಚಿತು. ಸಿಎನ್‌ಜಿಗೆ ಬದಲಾಯಿಸಲೇ? ಪೆಟ್ರೋಲಿಗೆ ಹಾಕಿದರೆ ಈಗ ಸ್ಟಾರ್ಟೇ ಆಗುತ್ತಿಲ್ಲ.
— ಮಂಗಳೂರಿನ ಓದುಗರು

ಉತ್ತರ: ಆ ಮಾಡೆಲ್ ಬಂದಿದ್ದು 2006ರಲ್ಲಿ, ಆಗ ಒಳ್ಳೆಯ ಗಾಡಿ. ಟ್ಯಾಂಕ್ ಚಿಕ್ಕದು, ಒತ್ತಡ ಕಡಿಮೆ, ಎಂಜಿನ್ ಮೆತ್ತಗೆ ಓಡುತ್ತಿತ್ತು. ಓಡಿಸುವ ಹಿತ ಕೇಳಿದರೆ ನಾನು ಇವತ್ತಿಗೂ ಸಿಎನ್‌ಜಿಗಿಂತ ಎಲ್‌ಪಿಜಿಗೇ ಒಂದು ಅಂಕ ಜಾಸ್ತಿ ಕೊಡುತ್ತೇನೆ. ಆದರೆ ಬಂಕೇ ಇಲ್ಲದ ಮೇಲೆ ಗುಣ ಕಟ್ಟಿಕೊಂಡು ಏನು ಮಾಡುವುದು? ಅಷ್ಟು ಹಳೆಯ ಕಾರಿಗೆ ಹೊಸ ಕಿಟ್ ದಂಡ. ಪೆಟ್ರೋಲಿನಲ್ಲೇ ಓಡಿಸಿ.

ಸ್ಟಾರ್ಟ್ ಆಗದಿದ್ದರೆ ಮೊದಲು ಟ್ಯಾಂಕಿನೊಳಗಿನ ಪೆಟ್ರೋಲ್ ಪಂಪ್ ನೋಡಿಸಿ. ಗ್ಯಾಸ್ ಇದೆಯಲ್ಲ ಎಂದು ಟ್ಯಾಂಕ್ ಒಣಗಿಸಿ ಇಡುತ್ತಾರೆ. ಪಂಪಿಗೆ ತಂಪು ಸಿಗುವುದೇ ಪೆಟ್ರೋಲಿನಿಂದ. ಅದಿಲ್ಲದೆ ಸುಡುತ್ತದೆ. ತಿಂಗಳುಗಟ್ಟಲೆ ನಿಂತ ಪೆಟ್ರೋಲ್ ಅಂಟಾಗಿ ಇಂಜೆಕ್ಟರನ್ನೂ ಕಟ್ಟುತ್ತದೆ. ಯಾವ ಗ್ಯಾಸ್ ಗಾಡಿಯಾದರೂ ಕಾಲು ಟ್ಯಾಂಕ್ ಪೆಟ್ರೋಲ್ ಇರಲಿ, ವಾರಕ್ಕೊಮ್ಮೆ ಸ್ವಲ್ಪ ದೂರ ಅದರಲ್ಲೇ ಓಡಿಸಿ.

ಪ್ರಶ್ನೆ: ಸೆಕೆಂಡ್ ಹ್ಯಾಂಡ್ ಸಿಎನ್‌ಜಿ ಕಾರು ನೋಡಿದ್ದೇವೆ. ಏನೇನು ಪರೀಕ್ಷಿಸಬೇಕು?
— ಧಾರವಾಡದ ಓದುಗರು

ಉತ್ತರ: ಮೊದಲು ಆರ್‌ಸಿ. ಇಂಧನದ ಜಾಗದಲ್ಲಿ ಪೆಟ್ರೋಲ್ ಜೊತೆ ಸಿಎನ್‌ಜಿ ಎಂದಿರಬೇಕು. ಇನ್ಶೂರೆನ್ಸ್ ಕಾಗದದಲ್ಲೂ ಅದೇ ಇರಲಿ. ಆಮೇಲೆ ಸಿಲಿಂಡರಿನ ಮೇಲೆ ಕೆತ್ತಿದ ನಂಬರ್ ಮತ್ತು ಪ್ಲೇಟಿನ ನಂಬರ್ ಹೊಂದುತ್ತವೆಯೇ ನೋಡಿ. ತಣ್ಣಗಿರುವಾಗ ಸ್ಟಾರ್ಟ್ ಮಾಡಿಸಿ. ಕಂಪನಿ ಫಿಟ್ಟಿಂಗ್ ಗಾಡಿ ಸಾಮಾನ್ಯವಾಗಿ ಪೆಟ್ರೋಲಿನಲ್ಲಿ ಎದ್ದು, ಬಿಸಿಯಾದ ಮೇಲೆ ಗ್ಯಾಸಿಗೆ ಹೋಗುತ್ತದೆ. ಬದಲಾಗುವಾಗ ಜೋರು ಜಗ್ಗಿದರೆ ಇಂಜೆಕ್ಟರೋ, ಗ್ಯಾಸಿನ ಒತ್ತಡ ಇಳಿಸುವ ರೆಡ್ಯೂಸರೋ ಕೆಲಸ ಕೇಳುತ್ತಿದೆ ಎಂದರ್ಥ. ಹೈಡ್ರೋ ಟೆಸ್ಟಿನ ದಿನಾಂಕ ಮುಗಿದಿದ್ದರೆ ಆ ಖರ್ಚು, ಗಾಡಿ ನಿಲ್ಲುವ ದಿನಗಳು ಎರಡನ್ನೂ ಮಾರುವವರ ಲೆಕ್ಕಕ್ಕೇ ಹಾಕಿ ಚೌಕಾಸಿ ಮಾಡಿ.